ಹತ್ತುವವರಿಗೆ ಮಾತ್ರ

ನನ್ನ ಕಸುಬು ಬೋರ್ಡು ಬರೆಯುವುದು.
ಕೊರಟಗೆರೆ ಬಸ್‌ಸ್ಟ್ಯಾಂಡಿನ ಎದುರು
ಸಿಮೆಂಟು ಅಂಗಡಿಯ ‘ಸಾಲ ಕೇಳಬೇಡಿ’ ನನ್ನದೇ,
ರಾಗಿ ಮಿಲ್ಲಿನ ಗೋಡೆಯ ಹುಂಜವೂ ನನ್ನದೇ.
ಫ್ಲೆಕ್ಸು ಬಂದ ಮೇಲೆ ಬ್ರಷ್ಷಿಗೆ ಬಿಡುವು ಜಾಸ್ತಿ.
ಹಾಗಾಗಿ ಗಾರ್ಡು ಮುದ್ದವೀರಯ್ಯ ಬಂದು
‘ಚನ್ನರಾಯನದುರ್ಗದ ಮೇಲೆ ಬಾಣದ ಗುರುತು ಹಾಕ್ತೀಯೇನಯ್ಯ,
ಚಾರಣದೋರು ದಾರಿ ತಪ್ತಾವ್ರೆ,
ಒಂದಕ್ಕೆ ಮೂವತ್ತೈದು’ ಅಂದಾಗ
ಬೆಟ್ಟ ಎಷ್ಟೆತ್ತರ ಎಂದು ಕೇಳಲೇ ಇಲ್ಲ.

ಕೇಳಬೇಕಿತ್ತು.

ಒಂದು ಡಬ್ಬ ಬಿಳಿ ಪೇಂಟು, ಎರಡಿಂಚಿನ ಬ್ರಷ್ಷು,
ತಗಡಿನಲ್ಲಿ ಕೊರೆದ ಬಾಣದ ಅಚ್ಚು,
ಮುದ್ದೆ ಕಟ್ಟಿಕೊಂಡರೆ ಭಾರವೆಂದು ಎರಡು ಬನ್ನು.
ಮೊದಲ ಕೋಟೆಬಾಗಿಲ ತನಕ ದಾರಿ ದಾರಿಯ ಹಾಗೇ ಇತ್ತು:
ಕಾರೆಮುಳ್ಳು, ಬಂದರೆ ಗಿಡ, ಯಾರೋ ಎಸೆದ ಚಿಪ್ಸಿನ ಕವರು.
ಆಮೇಲೆ ಬರೀ ಬಂಡೆ.
ಬಂಡೆಗೆ ಎಡ ಬಲ ಇರುವುದಿಲ್ಲ,
ಜಾರುವುದು ಇರುತ್ತದೆ, ಜಾರದಿರುವುದು ಇರುತ್ತದೆ.
ಜಾರದ ಕಡೆಯೆಲ್ಲ ಅಚ್ಚಿಟ್ಟು ಬಳಿದೆ.
ಇಟ್ಟ ಮಂಡಿ ಸುಟ್ಟಿತು,
ಬಳಿದ ಬಿಳಿ ಕಣ್ಣೆದುರೇ ಒಣಗಿತು.
ಹದಿನೇಳನೆಯದು ಸ್ವಲ್ಪ ಸೊಟ್ಟ.
ಇಪ್ಪತ್ತಾರರ ಹತ್ತಿರ ನನಗೆ ಅಳು ಬಂದಿತ್ತು, ಅದನ್ನು
ಮುದ್ದವೀರಯ್ಯನಿಗೆ ಹೇಳಿಲ್ಲ.
ನಲವತ್ತೊಂದು. ಮೇಲೆ ಗಾಳಿ, ಮುರಿದ ಕಣಜ,
ದೂರದಲ್ಲಿ ಮಧುಗಿರಿ ಬೆಟ್ಟ
ನನ್ನನ್ನು ನೋಡಿಯೂ ನೋಡದ ಹಾಗೆ.

ಬನ್ನಿನ ವಾಸನೆಗೋ ಏನೋ ಒಂದು ಕರಿಮೇಕೆ ಬಂತು.
ಹಚಾ ಅಂದೆ. ಅದು ಹೆದರಿ
ಡಬ್ಬ ಉರುಳಿಸಿ, ಚೆಲ್ಲಿದ ಪೇಂಟಿನಲ್ಲಿ ನಾಲ್ಕೂ ಕಾಲಿಟ್ಟು
ಗೋಡೆಯ ಆಚೆ ಹಾರಿ ಮರೆಯಾಯಿತು.
ಬೈದೆ. ಬನ್ನು ತಿಂದೆ.
ಬಿಸಿಲು ತಣಿಯಲೆಂದು ಕಣ್ಣು ಮುಚ್ಚಿದೆ.

ಎದ್ದಾಗ ಹೊತ್ತು ಮುಳುಗುತ್ತಿತ್ತು.
ಇಳಿಯಲು ತಿರುಗಿದರೆ
ನಾನೇ ಬರೆದ ಬಾಣ ನನ್ನ ಎದೆಗೇ ಗುರಿಯಿಟ್ಟು ನಿಂತಿದೆ.
ಮೇಲಕ್ಕೆ, ಮೇಲಕ್ಕೆ, ಅದಕ್ಕೆ ಅದೊಂದೇ ಗೊತ್ತು.
ಅದರ ಕೆಳಗಿನದೆಲ್ಲಿ?
ಬಂಡೆಯ ಹೊಟ್ಟೆ ಉಬ್ಬಿಕೊಂಡು, ಆಚೆಗಿನದೊಂದೂ ಕಾಣದು.
ಇಡೀ ದಿನ ಬರೆದವನಿಗೇ
ತನ್ನ ಅಕ್ಷರ ಓದಲು ಬರಲಿಲ್ಲ.

ಆಗ ಕಂಡಿತು, ಗೋಡೆಯ ಸಂದಿನಲ್ಲಿ,
ಹುಣಸೆಬೀಜ ಸೀಳಿಟ್ಟ ಹಾಗೆ
ಜೋಡಿಜೋಡಿ ಬಿಳಿ ಗೊರಸು.
ಕುಂಡಿಯ ಮೇಲೆ ಕೂತು ಅದರ ಹಿಂದೆ ಜಾರಿದೆ.
ಮೂವತ್ತು ಹೆಜ್ಜೆ ಚೆನ್ನಾಗಿ ಮೂಡಿದ್ದವು,
ಆಮೇಲೆ ಅರ್ಧ, ಆಮೇಲೆ ಬರೀ ಉಗುರು,
ಆಮೇಲೆ ಒಂದು ದೊಣೆ, ದೊಣೆಯ ಅಂಚಿನಲ್ಲಿ
ಮೇಕೆಯ ಕಾಲು ಹಿಡಿದು ಮರಳಲ್ಲಿ ತಿಕ್ಕುತ್ತಿದ್ದ ಚಿತ್ತಮ್ಮ.

‘ನೀನೇನಾ ಸುಣ್ಣ ಬಳ್ದೋನು?’
ಸುಣ್ಣವಲ್ಲ, ಪೇಂಟು, ಎಂದೆ, ಕಸುಬಿನ ಮರ್ಯಾದೆಗೆ.
‘ಹತ್ತಾಕೆ ಬಾಣ ಬರ್ದಿದ್ದೀಯ. ಇಳಿಯಾಕೆ?’
ಎಸ್ಟಿಮೇಟಿನಲ್ಲಿ ಇಲ್ಲ.
‘ಅಂಗಂದ್ರೆ ಮ್ಯಾಕೆ ಹೋದೋರು ಅಲ್ಲೇ ಇರ್ತಾರಾ?’
ನಗಲಿಲ್ಲ ಅವಳು. ಗಲ್ಲ ಹಿಡಿದು ಮುಖ ತಿರುಗಿಸಿ ತೋರಿಸಿದಳು:
‘ಬಂಡೆ ಮೈ ಕರ್ರಗೈತೆ. ಕಾಲು ಬಿದ್ದಲ್ಲಿ ಬೂದಿ ಬಣ್ಣ. ನೋಡು.’
ಕಂಡಿತು, ತಡವಾಗಿ, ಸವೆದ ಗೆರೆಯೊಂದು,
ಯಾವ ಕಾಲದವರು ಬರಿಗಾಲಲ್ಲಿ ತಿಕ್ಕಿದ್ದೋ,
ಕೋಟೆಯ ಆಳುಗಳೋ, ಸೌದೆಯವರೋ, ಬರೀ ಮೇಕೆಗಳೋ,
ನನ್ನ ಹದಿನೇಳನೆಯ ಸೊಟ್ಟ ಬಾಣದ ಪಕ್ಕದಲ್ಲೇ ಹಾದು
ಊರಿನ ದೀಪದ ತನಕ.

ಬಿಲ್ಲು ಪಾಸಾಯಿತು, ಸಾವಿರದ ನಾನೂರ ಮೂವತ್ತೈದು.
ಚಾರಣದ ಹುಡುಗರು ಈಗ ಕೇಳುತ್ತಾರಂತೆ,
ಆ ಗೊರಸಿನ ಗುರುತು ಯಾವ ದಾರಿಯದು ಅಂತ.
ಮುದ್ದವೀರಯ್ಯ ನನ್ನನ್ನು ಕೇಳಿದ.
ಅದು ನನ್ನ ಕೈಬರಹವಲ್ಲ ಎಂದೆ.

ಮೇಕೆಯ ಕಾಲಿಗೆಂದು ಅರ್ಧ ಬಾಟಲಿ ಟರ್ಪೆಂಟೈನು
ತಂದುಕೊಡುತ್ತೇನೆ ಎಂದಿದ್ದೆ ಚಿತ್ತಮ್ಮನಿಗೆ.
ಇನ್ನೂ ಕೊಟ್ಟಿಲ್ಲ.